ಪದ್ದು ಮುಚ್ಚಿಟ್ಟ ಮೊದಲ ಸ್ಕ್ಯಾನು

ಹೆಮ್ಮಾಡಿಯಲ್ಲಿ ಕೊಲ್ಲೂರಿನ ರಸ್ತೆ ಕವಲಾಗುತ್ತದಲ್ಲ, ಅಲ್ಲಿಂದ ಬಡಗು ಬದಿಗೆ ಇಪ್ಪತ್ತು ಹೆಜ್ಜೆ ಹೋದರೆ ಪದ್ದು ಮೀನು ಇಟ್ಟುಕೊಂಡು ಕೂರುವ ಜಾಗ. ಮೂವತ್ತೆಂಟು ವರ್ಷದಿಂದ ಅದೇ ಜಾಗ. ರಸ್ತೆ ಅಗಲ ಮಾಡುವಾಗ ಎರಡು ಸಲ ಎಬ್ಬಿಸಿದರು. ಎರಡು ಸಲವೂ ಅವಳು ಬುಟ್ಟಿ ಎತ್ತಿಕೊಂಡು ನಾಲ್ಕು ಹೆಜ್ಜೆ ಹಿಂದೆ ಸರಿದು ಕೂತಳೇ ಹೊರತು ಬೇರೆ ಕಡೆ ಹೋಗಲಿಲ್ಲ. ಕೊಲ್ಲೂರಿಗೆ ಹೋಗುವ ಬಸ್ಸು ನಿಂತಾಗ ಒಳಗಿನವರು ಮೂಗಿಗೆ ಸೆರಗು ಹಿಡಿಯುತ್ತಾರೆ. ದೇವರನ್ನು ಕಂಡು ಮರುದಿನ ವಾಪಸು ಬರುವಾಗ ಅವರಲ್ಲೇ ನಾಲ್ಕು ಜನ ಇಳಿದು, ಕಾಣೆ ಮೀನು ಉಂಟಾ ಅಂತ ಕೇಳುತ್ತಾರೆ. ಪದ್ದು ಎರಡಕ್ಕೂ ಏನೂ ಹೇಳುವವಳಲ್ಲ.

ಪದ್ಮಾವತಿ ಅನ್ನುವ ಹೆಸರು ರೇಷನ್ ಕಾರ್ಡಿನಲ್ಲಿ ಮಾತ್ರ ಇತ್ತು. ಊರಿಗೆಲ್ಲ ಪದ್ದು. ಅರವತ್ತೊಂದು ವರ್ಷ. ಗಂಡ ಭೋಜ ಬೊಂಬಾಯಿಯ ಕ್ಯಾಂಟೀನಿನಲ್ಲಿ ಇದ್ದವನು, ಎದೆನೋವು ಹಿಡಿದು ಊರಿಗೆ ಬಂದು ಒಂಬತ್ತು ತಿಂಗಳಲ್ಲಿ ತೀರಿಕೊಂಡ. ಆಗ ಮಗ ರಾಜೇಂದ್ರನಿಗೆ ಮೂರು ವರ್ಷ. ಗಂಡನ ಹದಿಮೂರು ದಿನ ಕಳೆದ ಮೇಲೆ ಪದ್ದು ಬುಟ್ಟಿ ಹೊತ್ತಳು.

ಬುಟ್ಟಿ ಹೊತ್ತ ಮೊದಲ ತಿಂಗಳಲ್ಲೇ ಅವಳಿಗೆ ಒಂದು ಪಾಠ ಆಯಿತು. ದೋಣಿ ಬಂದು ನಿಲ್ಲುವ ದಕ್ಕೆಯಲ್ಲಿ ಒಬ್ಬ ಒಂದು ಬುಟ್ಟಿ ಬಂಗುಡೆ ಕೊಟ್ಟ. ಮೇಲಿನ ಎರಡು ಸಾಲು ಕಣ್ಣು ಮಿಂಚುವ ಮೀನು, ಐಸಿನ ಕೆಳಗೆ ಎಲ್ಲ ಮೊನ್ನೆಯದು. ಅವತ್ತು ಹೆಮ್ಮಾಡಿಯಲ್ಲಿ ಮೂರು ಹೆಂಗಸರು ಅವಳ ಮುಖಕ್ಕೇ ಮೀನು ಎಸೆದು ಹೋದರು. ಆಮೇಲೆ ಪದ್ದು ಮೇಲಿನದು ನೋಡಿ ಏನನ್ನೂ ನಂಬಿದವಳಲ್ಲ. ಅಂಗಡಿಯ ಅಕ್ಕಿಗೆ ಮೊಣಕೈ ತನಕ ಕೈ ಹಾಕುತ್ತಾಳೆ. ಮಲ್ಲಿಗೆ ಅಟ್ಟೆಯನ್ನು ಬಿಡಿಸಿ ಒಳಗಿನ ಮೊಗ್ಗು ನೋಡುತ್ತಾಳೆ. ಸೊಸೆ ಶರಣ್ಯಾ ಮದುವೆಯಾಗಿ ಬಂದ ಎರಡನೇ ದಿನ ಅನ್ನ ಮಾಡಿದಾಗ, ಪದ್ದು ಸೌಟು ತಳಕ್ಕೆ ಇಳಿಸಿ ಕೆಳಗಿನ ಅನ್ನ ಮೇಲೆ ತಂದು ನೋಡಿದಳು. ಶರಣ್ಯಾ ಅದನ್ನು ಇವತ್ತಿಗೂ ಹೇಳುತ್ತಾಳೆ.

ಇನ್ನೊಂದು ಅಭ್ಯಾಸವೂ ವ್ಯಾಪಾರದಿಂದಲೇ ಬಂದದ್ದು. ಮೊದಲಿನ ಗಿರಾಕಿ ಎಷ್ಟಕ್ಕೆ ಕೇಳಿದ ಅಂತ ಎರಡನೆಯವನಿಗೆ ಅವಳು ಯಾವತ್ತೂ ಹೇಳಳು. ಬಾಯಿ ಮುಚ್ಚಿ ಕೂತು, ಅವನೇ ಏನು ಹೇಳುತ್ತಾನೆ ನೋಡುವುದು. ಎರಡೂ ಒಂದೇ ಆದರೆ ಮಾತು ಸರಿ ಇದೆ ಅಂತ ಲೆಕ್ಕ. ಈ ಅಭ್ಯಾಸವೇ ಅವಳನ್ನು ಆಪರೇಷನ್ ಕೋಣೆಯ ಬಾಗಿಲ ತನಕ ಕರೆದುಕೊಂಡು ಹೋದದ್ದು.

ಮಳೆಗಾಲದ ರಜೆ ಕಳೆದು ದೋಣಿಗಳು ನೀರಿಗಿಳಿದ ಹನ್ನೊಂದನೇ ದಿನ ಪದ್ದುಗೆ ಜ್ವರ ಬಂತು. ಅವತ್ತು ಬುಟ್ಟಿಯಲ್ಲಿ ಬೈಗೆ ಮೀನು ಇತ್ತು, ಸಣ್ಣ ಬೈಗೆ. ಮೂರು ದಿನ ಕಷಾಯ ಕುಡಿದು ಬುಟ್ಟಿಯ ಮುಂದೆ ಕೂತಳು. ನಾಲ್ಕನೇ ದಿನ ಕೂತಲ್ಲೇ ಒರಗಿದಳು. ಪಕ್ಕದಲ್ಲಿ ಮೀನು ಮಾರುವ ಜಲಜ ನೀರು ಚಿಮುಕಿಸಿ, ರಾಜೇಂದ್ರನಿಗೆ ಫೋನು ಮಾಡಿಸಿದಳು. ರಾಜೇಂದ್ರ ಮಲ್ಪೆಗೆ ಮೀನು ಸಾಗಿಸುವ ಟೆಂಪೋ ಓಡಿಸುವವನು. ಅದೇ ಟೆಂಪೋದಲ್ಲಿ ಅಮ್ಮನನ್ನು ಕೂರಿಸಿಕೊಂಡು ಬೈಂದೂರಿನ ಒಂದು ಸಣ್ಣ ನರ್ಸಿಂಗ್ ಹೋಮಿಗೆ ಸೇರಿಸಿದ. ಶರಣ್ಯಾಳ ತವರು ಅಲ್ಲೇ ಹತ್ತಿರ, ಗಂಜಿ ತರಲಿಕ್ಕೆ ಸುಲಭ ಅಂತ.

ಸೇರಿಸಿದ ಮರುದಿನ ರಕ್ತದ ರಿಪೋರ್ಟು ಬಂತು. ಟೈಫಾಯ್ಡು. ಅವತ್ತೇ ಬೆಳಿಗ್ಗೆ ಹೊಟ್ಟೆಯ ಸ್ಕ್ಯಾನು ಮಾಡಿದರು. ಲಿವರು, ಪಿತ್ತಕೋಶ, ಕಿಡ್ನಿ ಎಲ್ಲ ಚೆನ್ನಾಗಿದೆ ಅಂತ ಡಾಕ್ಟರು ಹೇಳಿದರು. ಪದ್ದು ಆ ಕಾಗದ ಕೇಳಿ ತೆಗೆದುಕೊಂಡು, ಜವಳಿ ಅಂಗಡಿಯ ಪ್ಲಾಸ್ಟಿಕ್ ತೊಟ್ಟೆಗೆ ಹಾಕಿ ತಲೆದಿಂಬಿನ ಅಡಿಗೆ ಇಟ್ಟಳು. ಸಂಜೆಯಿಂದ ಇಂಜೆಕ್ಷನ್ ಶುರು. ದಿನಕ್ಕೆ ಎರಡು.

ನರ್ಸು ಸಣ್ಣ ಬಾಟಲಿಯ ಬಿಳಿ ಹೊಡಿಗೆ ನೀರು ಸೇರಿಸಿ ಕುಲುಕುವುದನ್ನು ಪದ್ದು ಜ್ವರದಲ್ಲೂ ಕಣ್ಣು ಬಿಟ್ಟು ನೋಡಿದಳು.

"ಹೊಡಿ ಎಷ್ಟ್, ನೀರ್ ಎಷ್ಟ್?" ಅಂತ ಕೇಳಿದಳು.

"ಎಷ್ಟ್ ಹಾಕ್ಕೋ ಅಷ್ಟೇ ಹಾಕದ್ ಅಮ್ಮ."

"ಹಾಲ್ ಹಾಕುವವ್ನೂ ಹೀಂಗೇ ಹೇಳುದ್. ಆ ಬಾಟ್ಲಿ ಇಲ್ಲ್ ಕೊಡ್."

ಬಾಟಲಿ ಕೊಡುವ ಹಾಗಿಲ್ಲ, ಅದನ್ನು ಬೇರೆ ಡಬ್ಬಿಗೆ ಹಾಕಬೇಕು ಅಂತ ನರ್ಸು ಹೇಳಿದಳು. ಹಾಗಾದರೆ ಫೋಟೋ ಹೊಡೆ ಅಂತ ಪದ್ದು ಸೊಸೆಗೆ ಹೇಳಿದಳು. ಅವತ್ತಿಂದ ಇಂಜೆಕ್ಷನ್ ಕೊಟ್ಟಾಗೆಲ್ಲ ಖಾಲಿ ಬಾಟಲಿಯ ಹೆಸರಿನ ಬದಿ ಮುಂದೆ ಮಾಡಿ ಒಂದು ಫೋಟೋ. ಹನ್ನೊಂದು ದಿನ, ಇಪ್ಪತ್ತೆರಡು ಇಂಜೆಕ್ಷನ್, ಇಪ್ಪತ್ತೆರಡು ಫೋಟೋ.

"ನಮ್ ಮದ್ವಿ ಫೋಟೋ ನನ್ ಮೊಬೈಲಲ್ಲ್ ಹದ್ನೆಂಟೇ ಇಪ್ಪುದ್," ಅಂತ ಶರಣ್ಯಾ ಗಂಡನ ಹತ್ತಿರ ಹೇಳಿ ನಕ್ಕಳು. "ನಿಮ್ಮ ಅಮ್ಮನ್ ಬಾಟ್ಲಿ ಫೋಟೋನೇ ಜಾಸ್ತಿ ಆಯ್ತ್."

ಐದನೇ ದಿನಕ್ಕೆ ಜ್ವರ ಬಿಟ್ಟಿತು. ಆದರೆ ಗಂಜಿ ಸೇರುತ್ತಿರಲಿಲ್ಲ. ಎರಡು ಚಮಚ ಕುಡಿದರೆ ಸಾಕು ಅನ್ನಿಸುತ್ತಿತ್ತು. ಹದಿಮೂರನೇ ದಿನ ಬೆಳಿಗ್ಗೆ ಕೊನೆಯ ಇಂಜೆಕ್ಷನ್ ಕೊಟ್ಟು ಮನೆಗೆ ಕಳಿಸಿದರು.

ಮನೆಗೆ ಬಂದ ಐದನೇ ದಿನ, ಮಧ್ಯಾಹ್ನ ಊಟ ಆಗಿ ಮುಕ್ಕಾಲು ಗಂಟೆಗೆ, ಬಲಗಡೆ ಪಕ್ಕೆಲುಬಿನ ಕೆಳಗೆ ಯಾರೋ ಮುಷ್ಟಿ ಹಾಕಿ ಹಿಂಡಿದ ಹಾಗೆ ನೋವು ಬಂತು. ನೋವು ಬೆನ್ನಿಗೂ ಹೋಯಿತು. ಪದ್ದು ಗೋಡೆಗೆ ಹಣೆ ಕೊಟ್ಟು ನಿಂತಳು. ಹೆರಿಗೆಯ ಹೊತ್ತಿಗೂ ಬಾಯಿ ಬಿಡದವಳು "ಅಯ್ಯಬ್ಬೆ" ಅಂದಳು. ರಾಜೇಂದ್ರ ಮನೆಯಲ್ಲೇ ಇದ್ದ. ಬೈಂದೂರಿಗಿಂತ ಕುಂದಾಪುರ ಹತ್ತಿರ ಅಂತ ಕುಂದಾಪುರದ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದ. ಹೊರಡುವಾಗ ಪದ್ದು ನೋವಿನಲ್ಲೂ ಮರೆಯದೆ ಆ ಪ್ಲಾಸ್ಟಿಕ್ ತೊಟ್ಟೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ರಾಜೇಂದ್ರ ಟೆಂಪೋ ನಿಲ್ಲಿಸಲಿಕ್ಕೆ ಜಾಗ ಹುಡುಕುತ್ತಾ ಹೋದ. ಒಳಗೆ ಅತ್ತೆ ಸೊಸೆ ಇಬ್ಬರೇ. ಡಾಕ್ಟರ ಹೆಸರು ಗುಣಪಾಲ. ಆಪರೇಷನ್ ಮಾಡುವವರು. ಸಾವಧಾನದ ಮನುಷ್ಯ.

"ಇದಕ್ಕೆ ಮುಂಚೆ ಎಲ್ಲಿಯಾದ್ರೂ ತೋರಿಸಿದ್ರಾ ಅಮ್ಮ?"

"ಇಲ್ಲೆ."

"ಸ್ಕ್ಯಾನ್ ಏನಾದ್ರೂ ಮಾಡ್ಸಿದ್ದು?"

"ಇಲ್ಲೆ."

"ಯಾವುದಾದ್ರೂ ಮದ್ದು, ಇಂಜೆಕ್ಷನ್? ಇತ್ತೀಚೆಗೆ ಕಾಯಿಲೆ ಏನಾದ್ರೂ?"

ಶರಣ್ಯಾ ಬಾಯಿ ತೆರೆದಳು. ಮೇಜಿನ ಅಡಿಯಲ್ಲಿ ಪದ್ದು ಅವಳ ತೊಡೆಯನ್ನು ಚಿವುಟಿದಳು. ಮೀನು ಕೊಯ್ಯುವ ಬೆರಳು, ಕಬ್ಬಿಣದ ಹಾಗೆ. ಶರಣ್ಯಾಳ ಬಾಯಿ ಮುಚ್ಚಿತು.

"ಎಂತದೂ ಇಲ್ಲೆ," ಅಂದಳು ಪದ್ದು.

ಡಾಕ್ಟರು ಹಾಗೆಯೇ ಬರೆದುಕೊಂಡರು.

ಹೊರಗೆ ಬಂದ ಮೇಲೆ ಶರಣ್ಯಾ ತೊಡೆ ಉಜ್ಜಿಕೊಳ್ಳುತ್ತಾ, "ಎಂತಕ್ ಅತ್ತೆ ಸುಳ್ ಹೇಳದ್ದ್?" ಅಂತ ಕೇಳಿದಳು.

"ಬೈಂದೂರಿನವ್ರ್ ಎಂತ ಹೇಳೀರ್ ಅಂದೇಳಿ ಗೊತ್ತಾರೆ ಇವ್ರೂ ಅದನ್ನೇ ಹೇಳ್ತ್ರ್. ಗೊತ್ತಿಲ್ದೆ ಎಂತ ಹೇಳ್ತ್ರ್ ಕಾಂಬ."

ಸ್ಕ್ಯಾನ್ ಕೋಣೆಯ ಹೊರಗೆ ಉದ್ದದ ಬೆಂಚು. ಅಲ್ಲಿ ಹಳದಿ ಸೀರೆಯ ಒಬ್ಬ ಹೆಂಗಸು ಹೊಟ್ಟೆ ಹಿಡಿದುಕೊಂಡು ನರಳುತ್ತಿದ್ದಳು. ನರ್ಸು ಬಾಗಿಲು ತೆರೆದು "ಪದ್ಮಾವತಿ" ಅಂತ ಕರೆದಾಗ ಇಬ್ಬರೂ ಎದ್ದು ನಿಂತರು. ಅವಳೂ ಪದ್ಮಾವತಿ, ಕೋಟೇಶ್ವರದವಳು. ನರ್ಸು ಕಾಗದ ನೋಡಿ ಮೊದಲು ಅವಳನ್ನು ಒಳಗೆ ಕರೆದಳು. ಆಮೇಲೆ ಇವಳನ್ನು.

ಸಂಜೆ ಗುಣಪಾಲ ಡಾಕ್ಟರು ರಾಜೇಂದ್ರನನ್ನು ಎದುರಿಗೆ ಕೂರಿಸಿಕೊಂಡು ಹೇಳಿದರು. ಪಿತ್ತಕೋಶದಲ್ಲಿ ಎಂಟು ಹತ್ತು ಕಲ್ಲು ಇದೆ. ನೋವು ಅದರಿಂದಲೇ. ಹೀಗೆ ನೋವು ಕೊಟ್ಟ ಕಲ್ಲು ಮತ್ತೆ ಕೊಡುತ್ತದೆ, ನಾಳಕ್ಕೆ ಜಾರಿ ಸಿಕ್ಕಿಹಾಕಿಕೊಂಡರೆ ಕಷ್ಟ. ಚೀಲವನ್ನೇ ತೆಗೆಯುವುದು ಒಳ್ಳೆಯದು. ಟೈಫಾಯ್ಡು ಬಿಟ್ಟು ಎದ್ದ ಮೈ ಅಂತ ಅವರಿಗೆ ಗೊತ್ತಿರಲಿಲ್ಲವಲ್ಲ, ಮುಂದಿನ ಬುಧವಾರಕ್ಕೆ ದಿನ ಕೊಟ್ಟರು.

ಬೈಂದೂರಿನಲ್ಲಿ ಟೈಫಾಯ್ಡು ಆದದ್ದನ್ನು ಹೆಂಡತಿ ಹೇಳಿರುತ್ತಾಳೆ ಅಂತ ರಾಜೇಂದ್ರ ಅಂದುಕೊಂಡ. ಅವನು ಕೇಳಲಿಲ್ಲ, ಇವರು ಹೇಳಲಿಲ್ಲ.

ಟೆಂಪೋದಲ್ಲಿ ಬರುವಾಗ ಪದ್ದು ಬೆರಳು ಮಡಚಿ ಎಣಿಸಿದಳು. ಬೈಂದೂರಿನ ಸ್ಕ್ಯಾನು ಆಗಿ ಇವತ್ತಿಗೆ ಹದಿನಾರು ದಿನ. ಹದಿನಾರು ದಿನದ ಹಿಂದೆ ಚೊಕ್ಕ ಇದ್ದ ಚೀಲದಲ್ಲಿ ಹತ್ತು ಕಲ್ಲು. ನಲವತ್ತು ವರ್ಷದ ಹತ್ತಿರ ಅವಳು ಮೀನು ಕೊಯ್ದಿದ್ದಾಳೆ. ಮೀನಿನ ಹೊಟ್ಟೆಯಲ್ಲಿ ಹಸಿರು ಬಣ್ಣದ ಕಹಿ ಚೀಲ ಇರುತ್ತದೆ, ಅದು ಒಡೆಯದ ಹಾಗೆ ತೆಗೆಯಬೇಕು, ಒಡೆದರೆ ಮೀನೆಲ್ಲ ಕಹಿ. ಅಂಥ ಚೀಲ ಎಷ್ಟು ಸಾವಿರ ತೆಗೆದು ಎಸೆದಳೋ. ಒಂದರಲ್ಲೂ ಕಲ್ಲು ಕಂಡದ್ದಿಲ್ಲ. ಹದಿನಾರು ದಿನದಲ್ಲಿ ಬದನೆ ಗಿಡವೂ ಹೂ ಬಿಡುವುದಿಲ್ಲ, ಕಲ್ಲು ಎಲ್ಲಿಂದ ಬೆಳೆದೀತು?

ಬೆಳೆಯಲಿಲ್ಲ. ಕಾಗದ ಅದಲು ಬದಲಾಗಿದೆ. ಹಳದಿ ಸೀರೆಯವಳ ಕಲ್ಲು ತನ್ನ ಕಾಗದಕ್ಕೆ ಬಂದಿದೆ. ಹೀಗೆ ಯೋಚನೆ ಬಂದದ್ದೇ ಪದ್ದುಗೆ ನೋವು ಕೂಡ ಸ್ವಲ್ಪ ಕಡಿಮೆ ಆದ ಹಾಗಾಯಿತು.

"ಮಗ, ಆ ಇನ್ನೊಂದ್ ಪದ್ಮಾವತಿ ಪಾಪ, ಕಲ್ಲ್ ಇಟ್ಕಂಡೇ ಮನಿಗ್ ಹೋಯ್ತಾ ಇತ್ತ್ ಕಾಣ್," ಅಂದಳು.

ರಾಜೇಂದ್ರನಿಗೆ ಸಿಟ್ಟು ಬಂತು. "ಹಾಂಗಾರೆ ಮಧ್ಯಾಹ್ನ ಗೋಡಿಗ್ ತಲೆ ಕೊಟ್ಟ್ ನಿಂತದ್ದ್ ಅವ್ಳಾ? ಅಮ್ಮ, ನಿಂಗೆ ಉಸ್ರ್ ಎಳುಕೂ ಅನುಮಾನ. ಬುಧವಾರ ಸುಮ್ನೆ ಬಾ."

ಮರುದಿನ ಹೆಮ್ಮಾಡಿಯಲ್ಲಿ ಜಲಜಳಿಗೆ ಸುದ್ದಿ ಗೊತ್ತಾಯಿತು. ಜಲಜಳ ಪಿತ್ತಕೋಶ ತೆಗೆದು ನಾಲ್ಕು ವರ್ಷ.

"ಹ್ವಾಯ್ ಪದ್ದಕ್ಕ, ಹೆದ್ರುದೆಂತಕೆ? ನಾ ಕಾಣಿ, ತೆಗ್ದ್ ನಾಲ್ಕ್ ವರ್ಷ ಆಯ್ತ್. ಮುಂಚಿಗಿಂತ ಚಂದ ಉಂಡ್ಕಂಡಿದ್ದೆ."

"ಅದ್ ದೂರದಿಂದ್ಲೇ ಕಾಂತಿತ್ತ್," ಅಂದಳು ಪದ್ದು. "ನಿನ್ ಕಲ್ಲ್ ಬೆಳೂಕ್ ಎಷ್ಟ್ ದಿನ ಆಯ್ತ್?"

"ವರ್ಷಗಟ್ಲೆ ಇದ್ದಿತ್ತಂಬ್ರ್. ಡಾಕ್ಟ್ರೇ ಹೇಳೀರ್."

"ವರ್ಷಗಟ್ಲೆ," ಅಂತ ಪದ್ದು ತನಗೆ ತಾನೇ ಹೇಳಿಕೊಂಡಳು. ಅನುಮಾನ ಗಟ್ಟಿಯಾಯಿತು.

ಶನಿವಾರ ಬೆಳಿಗ್ಗೆ ಅವಳು ಏನೂ ತಿನ್ನದೆ ಹೊರಟಳು. ಸಾಲಿಗ್ರಾಮಕ್ಕೆ ಹೋಗಿ ಹಣ್ಣುಕಾಯಿ ಮಾಡಿಸಿ ಬರುತ್ತೇವೆ ಅಂತ ಮಗನಿಗೆ ಹೇಳಿ, ಸೊಸೆಯ ಜೊತೆ ಬ್ರಹ್ಮಾವರದ ಬಸ್ಸು ಹತ್ತಿದಳು. ಬ್ರಹ್ಮಾವರದಲ್ಲಿ ಒಂದು ಸ್ಕ್ಯಾನ್ ಸೆಂಟರ್ ಇದೆ, ಹೆಂಗಸು ಡಾಕ್ಟರು ಅಂತ ಗಿರಾಕಿಯೊಬ್ಬಳಿಂದ ವಿಚಾರಿಸಿ ಇಟ್ಟುಕೊಂಡಿದ್ದಳು. ಸಾಲಿಗ್ರಾಮ ಬಂತು, ಹೋಯಿತು. ಪದ್ದು ಬಸ್ಸಿನಲ್ಲೇ ಕೈ ಮುಗಿದು, ಬರುವಾಗ ಇಳಿಯುತ್ತೇನೆ ಅಂತ ದೇವರಿಗೆ ಹೇಳಿದಳು. ಸಾಸ್ತಾನದ ಟೋಲ್ ಗೇಟಿನಲ್ಲಿ ಬಸ್ಸು ನಿಂತಾಗ ಸೊಸೆಗೆ ಮತ್ತೆ ತಾಕೀತು ಮಾಡಿದಳು.

"ಬೈಂದೂರು ಇಲ್ಲೆ, ಕುಂದಾಪುರ ಇಲ್ಲೆ, ಕಲ್ಲ್ ಅಂಬ ಶಬ್ದವೇ ಇಲ್ಲೆ. ಹೊಟ್ಟಿ ನೋವ್ ಅಷ್ಟೇ. ಗೊತ್ತಾಯ್ತಾ ಹೆಣೆ?"

"ತೊಡಿ ಇನ್ನೂ ನೀಲಿ ಇತ್ತ್ ಅತ್ತೆ. ಗೊತ್ತಾಯ್ತ್."

ಸ್ಕ್ಯಾನ್ ಸೆಂಟರಿನ ಡಾಕ್ಟರ ಹೆಸರು ಗಿರಿಜಾ. ನಲವತ್ತರ ಆಚೆ ಈಚೆ. ಹೊಟ್ಟೆಯ ಮೇಲೆ ತಣ್ಣಗಿನ ಅಂಟು ಹಚ್ಚಿ, ಕೈಯ ಯಂತ್ರವನ್ನು ಪಕ್ಕೆಗೆ ಒತ್ತಿದರು. ಉಸಿರು ಎಳೆಯಿರಿ, ಹಿಡಿಯಿರಿ, ಬಿಡಿ. ಪದ್ದು ಅವರ ಮುಖವನ್ನೇ ನೋಡುತ್ತಿದ್ದಳು. ಅವರು ಯಂತ್ರವನ್ನು ಒಂದೇ ಕಡೆ ನಿಲ್ಲಿಸಿದರು.

"ಪಿತ್ತಕೋಶದಲ್ಲಿ ಕಲ್ಲಿದೆ ಅಮ್ಮ."

ಪದ್ದು ಮೊಣಕೈ ಊರಿ ತಲೆ ಎತ್ತಿದಳು. "ಎಷ್ಟ್?"

"ಎಂಟು ಹತ್ತು ಇರ್ಬಹುದು."

ಈ ಕೋಣೆಯಲ್ಲಿ ಹಳದಿ ಸೀರೆ ಇರಲಿಲ್ಲ. ಹೊರಗೆ ಬೆಂಚಿನಲ್ಲಿ ಇದ್ದದ್ದು ಒಬ್ಬ ಗಂಡಸು ಮತ್ತು ಒಬ್ಬಳು ಬಸುರಿ. ಆದರೂ ಪದ್ದು ಅಷ್ಟಕ್ಕೆ ಬಿಡಲಿಲ್ಲ.

"ಆ ಟೀವಿ ಇತ್ತ ತಿರ್ಗ್ಸಿ. ಅದ್ ನನ್ ಹೊಟ್ಟಿಯೇ ಅಂದೇಳಿ ಹ್ಯಾಂಗ್ ಗೊತ್ತ್?"

ಗಿರಿಜಾ ಡಾಕ್ಟರಿಗೆ ನಗು ಬಂತು. ಪರದೆಯನ್ನು ತಿರುಗಿಸಿದರು. ಕಪ್ಪಾದ ಒಂದು ಚೀಲ, ಅದರ ತಳದಲ್ಲಿ ಬಿಳಿ ಬಿಳಿ ಚುಕ್ಕಿ.

"ಎಡಕ್ಕೆ ಮಗುಚಿ," ಅಂದರು.

ಪದ್ದು ಎಡಕ್ಕೆ ಮಗುಚಿದಳು. ಪರದೆಯಲ್ಲಿ ಬಿಳಿ ಚುಕ್ಕಿಗಳು ಚೀಲದ ಒಂದು ಬದಿಯಿಂದ ಇನ್ನೊಂದು ಬದಿಗೆ ಉರುಳಿದವು. ಅಂಗಾತ ಮಲಗಿದಳು. ವಾಪಸು ಉರುಳಿದವು. ಮತ್ತೊಮ್ಮೆ ಮಗುಚಿದಳು, ಈ ಸಲ ಅವರು ಹೇಳದೆ. ಚುಕ್ಕಿಗಳೂ ಮಗುಚಿದವು. ತನ್ನದೇ. ಸಂಶಯ ಇಲ್ಲ.

ಅವಳು ಎದ್ದು ಕೂತು ಹೊಟ್ಟೆ ಒರೆಸಿಕೊಂಡಳು. ಬುಧವಾರಕ್ಕೆ ಇನ್ನು ನಾಲ್ಕು ದಿನ. ಯಾರೂ ಮೋಸ ಮಾಡಿಲ್ಲ ಅನ್ನುವುದು ಅವಳಿಗೆ ಮೋಸಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು. ಮೋಸವಾದರೆ ಹಿಡಿಯಬಹುದಿತ್ತು.

"ಒಬ್ಬ ಸರ್ಜನ್‌ಗೆ ತೋರಿಸಿ," ಅಂತ ಗಿರಿಜಾ ಡಾಕ್ಟರು ಬರೆಯಲಿಕ್ಕೆ ಕೂತರು.

ಶರಣ್ಯಾ ಅತ್ತೆಯಿಂದ ಎರಡು ಹೆಜ್ಜೆ ದೂರ ಸರಿದು, ಕೈಗೆ ಎಟುಕದ ಹಾಗೆ ನಿಂತು, "ಅತ್ತೆ, ಇನ್ನಾರೂ ಆ ಕಾಗ್ದ ತೆಗೀನಿ. ಇಲ್ದಿರೆ ನಾನೇ ಹೇಳ್ತೆ," ಅಂದಳು.

ಪದ್ದು ಸೊಸೆಯನ್ನು ನೋಡಿದಳು. ಸೊಂಟದಿಂದ ತೊಟ್ಟೆ ತೆಗೆದಳು. ಅದರೊಳಗಿನ ಕಾಗದವನ್ನು ಬಿಡಿಸಿ ಮೇಜಿನ ಮೇಲಿಟ್ಟು, ಅಂಗೈಯಿಂದ ಒತ್ತಿ ಮಡಿಕೆ ಸರಿ ಮಾಡಿದಳು. ಆಮೇಲೆ ಕುಂದಾಪುರದ ಕಾಗದವನ್ನೂ ಇಟ್ಟಳು.

ಗಿರಿಜಾ ಡಾಕ್ಟರು ಎರಡನ್ನೂ ಓದಿದರು. ತಾರೀಕು ನೋಡಿದರು. ಮೊದಲಿನದನ್ನು ಮತ್ತೆ ಓದಿದರು. ಅವರ ಮುಖದ ನಗು ಹೋಗಿತ್ತು.

"ಹದಿನಾರು ದಿನದಲ್ಲಿ? ನಡುವೆ ಏನಾಯ್ತು?"

"ಟೈಫಾಯ್ಡ್. ಇಪ್ಪತ್ತೆರಡ್ ಇಂಜೆಕ್ಷನ್."

"ಯಾವ ಇಂಜೆಕ್ಷನ್?"

ಶರಣ್ಯಾ ಮೊಬೈಲು ತೆಗೆದು ಕೊಟ್ಟಳು. ಗಿರಿಜಾ ಡಾಕ್ಟರು ಒಂದು ಫೋಟೋವನ್ನು ಎರಡು ಬೆರಳಿನಿಂದ ದೊಡ್ಡದು ಮಾಡಿದರು. ಮುಂದಿನದು. ಅದರ ಮುಂದಿನದು. ಎಂಟು ಹತ್ತು ನೋಡಿ, "ಎಲ್ಲಾ ಬಾಟಲಿ ಫೋಟೋ ತೆಗ್ದಿದ್ದೀರಲ್ಲ! ಇದು ಯಾರ ತಲೆ?" ಅಂತ ಕೇಳಿದರು.

"ಇವ್ರದ್ದೇ," ಅಂತ ಶರಣ್ಯಾ ಅತ್ತೆಯ ಕಡೆ ಗದ್ದದಿಂದ ತೋರಿಸಿದಳು.

ಆ ಮದ್ದಿನ ಹೆಸರು ಸೆಫ್ಟ್ರಿಯಾಕ್ಸೋನ್. ಗಿರಿಜಾ ಡಾಕ್ಟರು ನಿಧಾನವಾಗಿ ಬಿಡಿಸಿ ಹೇಳಿದರು. ಟೈಫಾಯ್ಡಿಗೆ ಅದು ಒಳ್ಳೆಯ ಮದ್ದು. ಮೈಗೆ ಹೋದದ್ದರಲ್ಲಿ ಸ್ವಲ್ಪ ಮೂತ್ರದಲ್ಲಿ ಹೊರಗೆ ಹೋಗುತ್ತದೆ, ಸ್ವಲ್ಪ ಪಿತ್ತದೊಟ್ಟಿಗೆ ಸೇರುತ್ತದೆ. ಪಿತ್ತದ ಚೀಲದಲ್ಲಿ ಸುಣ್ಣದಂಶದ ಜೊತೆ ಕೂಡಿಕೊಂಡು ಕೆಲವರಿಗೆ ತಳ ಕಟ್ಟುತ್ತದೆ. ಬಾವಿ ನೀರು ದಿನಾ ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಕೂರುತ್ತದಲ್ಲ, ಹಾಗೆ. ಹೊಟ್ಟೆಗೆ ಸರಿ ಊಟ ಇಲ್ಲದೆ ಮಲಗಿದವರಿಗೆ ಚೀಲ ಹಿಂಡುವುದೇ ಕಡಿಮೆ, ಆಗ ಇನ್ನೂ ಬೇಗ. ಸ್ಕ್ಯಾನಿನಲ್ಲಿ ಅದು ನಿಜದ ಕಲ್ಲಿನ ಹಾಗೇ ಕಾಣುತ್ತದೆ, ನೋವೂ ಕೊಡಬಹುದು. ಆದರೆ ಮದ್ದು ನಿಂತ ಮೇಲೆ ಹೆಚ್ಚಿನವರಿಗೆ ತನ್ನಷ್ಟಕ್ಕೆ ಕರಗಿ ಹೋಗುತ್ತದೆ. ಕೆಲವರಿಗೆ ಮೂರು ವಾರ, ಕೆಲವರಿಗೆ ಮೂರು ತಿಂಗಳು.

ಪದ್ದು ಎಲ್ಲ ಕೇಳಿದಳು. "ಹಾಂಗಾರೆ ಬೈಂದೂರಿನವ್ರೇ ಕಲ್ಲ್ ಹಾಕದ್ದ್," ಅಂದಳು.

"ಅವರು ನಿಮ್ಮ ಜೀವ ಉಳಿಸಿದ್ದು. ಟೈಫಾಯ್ಡಿಗೆ ಮದ್ದು ಮಾಡದಿದ್ರೆ ಕರುಳೇ ತೂತಾಗ್ತಿತ್ತು." ಗಿರಿಜಾ ಡಾಕ್ಟರು ಕಾಗದಗಳನ್ನು ಒಟ್ಟು ಮಾಡಿದರು. "ನಾನು ಸ್ಕ್ಯಾನ್ ಮಾಡುವವಳು. ಇದು ಅದೇ ಅಂತ ನನಗೆ ಅನ್ನಿಸ್ತದೆ, ಆದ್ರೆ ಆಪರೇಷನ್ ಬೇಕಾ ಬೇಡ್ವಾ ಅಂತ ಹೇಳ್ಬೇಕಾದವ್ರು ಕುಂದಾಪುರದ ಡಾಕ್ಟ್ರು. ಇಂಜೆಕ್ಷನ್ ವಿಷಯ ಗೊತ್ತಿದ್ದೂ ಅವರು ಬುಧವಾರಕ್ಕೆ ಯಾಕೆ ಇಟ್ರು?"

ಶರಣ್ಯಾ ಅತ್ತೆಯ ಕಡೆ ನೋಡಿದಳು.

"ಹೇಳಿದ್ದೀರಲ್ಲ ಅವರಿಗೆ?"

ಪದ್ದು ತೊಟ್ಟೆಯನ್ನು ನಾಲ್ಕು ಮಡಿಕೆ ಮಾಡಿದಳು.

"ಕೇಳಿರ್," ಅಂದಳು ಶರಣ್ಯಾ. "ಇವ್ರ್ ಹೇಳಲ್ಲೆ."

ವಾಪಸು ಬರುವಾಗ ಪದ್ದು ಸಾಲಿಗ್ರಾಮದಲ್ಲಿ ಇಳಿಯಲಿಲ್ಲ.  ಅವಳ ತಲೆಯಲ್ಲಿ ಓಡುತ್ತಿದ್ದದ್ದು ಒಂದೇ. ಡಾಕ್ಟರು ಕೇಳಿದ್ದರು. ಒಂದಲ್ಲ, ಮೂರು ಥರ ಕೇಳಿದ್ದರು. ತಾನು ಮೂರು ಸಲವೂ ಇಲ್ಲ ಅಂದಿದ್ದಳು. ಚೀಲ ಹೋಗುವುದಿದ್ದರೆ ಯಾರ ಕೈಯಿಂದ ಹೋಗುತ್ತಿತ್ತು ಅಂತ ಅವಳಿಗೆ ಈಗ ಗೊತ್ತಿತ್ತು.

ಕುಂದಾಪುರ ಬಂದಾಗ, "ಇವತ್ತೇ ಹೋಪ," ಅಂದಳು. ಡಾಕ್ಟರು ಹೋಗಿಯಾಗಿತ್ತು, ಸೋಮವಾರ ಬನ್ನಿ ಅಂದರು.

ಭಾನುವಾರ ಅವಳು ಮಗನಿಗೆ ಎಲ್ಲ ಹೇಳಿದಳು. ರಾಜೇಂದ್ರ ಕೂಗಾಡುತ್ತಾನೆ ಅಂತ ಇಬ್ಬರೂ ಅಂದುಕೊಂಡಿದ್ದರು. ಅವನು ಕೂಗಲಿಲ್ಲ. ಬೈಂದೂರಿನ ಕಾಗದವನ್ನು ಎರಡು ಸಲ ಓದಿದ. "ನಂಗಾರೂ ಹೇಳುಕಾಗಿತ್ತ್," ಅಂತ ಮಾತ್ರ ಅಂದ. ಪದ್ದುಗೆ ಅದು ಕೂಗಿದ್ದಕ್ಕಿಂತ ಜಾಸ್ತಿ ತಾಗಿತು.

ಸೋಮವಾರ ಗುಣಪಾಲ ಡಾಕ್ಟರ ಮುಂದೆ ಪದ್ದು ಮೂರು ಕಾಗದವನ್ನೂ ಸಾಲಾಗಿ ಇಟ್ಟಳು, ಹಳೆಯದು ಎಡಕ್ಕೆ, ಹೊಸದು ಬಲಕ್ಕೆ. ಅದರ ಮೇಲೆ ಸೊಸೆಯ ಮೊಬೈಲು ಇಟ್ಟಳು. ಡಾಕ್ಟರು ಓದಿ ಮುಗಿಸಿ, ತಮ್ಮ ಫೈಲು ತೆರೆದು ಒಂದು ಸಾಲಿನ ಕೆಳಗೆ ಪೆನ್ನಿಟ್ಟು ಶರಣ್ಯಾಳಿಗೆ ತೋರಿಸಿದರು.

"ಓದಿ ಹೇಳಮ್ಮ ಅವರಿಗೆ."

ಶರಣ್ಯಾ ಓದಿದಳು. ಹಿಂದಿನ ಕಾಯಿಲೆ ಇಲ್ಲ, ಹಿಂದಿನ ಸ್ಕ್ಯಾನ್ ಇಲ್ಲ, ಇತ್ತೀಚೆಗೆ ಯಾವ ಔಷಧವೂ ಇಲ್ಲ ಅಂತ ಬರೆದಿತ್ತು.

"ನೀವು ಹೇಳಿದ್ದನ್ನೇ ಬರೆದದ್ದು," ಅಂದರು ಡಾಕ್ಟರು. "ನಾಡಿದ್ದು ಈ ಹೊತ್ತಿಗೆ ನಿಮ್ಮ ಪಿತ್ತಕೋಶ ಟ್ರೇಯಲ್ಲಿ ಇರ್ತಿತ್ತು. ನಾನು ತಪ್ಪು ಮಾಡಿದ್ದೇನೆ ಅಂತ ನನಗೆ ಗೊತ್ತೂ ಆಗ್ತಿರ್ಲಿಲ್ಲ."

"ತಪ್ಪ್ ನಂದ್," ಅಂದಳು ಪದ್ದು. ಈ ಮಾತು ಅವಳ ಬಾಯಿಂದ ಬಂದದ್ದನ್ನು ಶರಣ್ಯಾ ಮದುವೆಯಾಗಿ ಬಂದ ಏಳು ವರ್ಷದಲ್ಲಿ ಮೊದಲ ಸಲ ಕೇಳಿದ್ದು.

ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ಲಿವರು ಸರಿ ಇತ್ತು. ಆಪರೇಷನ್ ಸದ್ಯಕ್ಕೆ ಬೇಡ, ತಿಂಗಳು ಬಿಟ್ಟು ಸ್ಕ್ಯಾನು ಮಾಡೋಣ ಅಂದರು. ಎಣ್ಣೆ ಕಡಿಮೆ, ಊಟ ಬಿಡುವ ಹಾಗಿಲ್ಲ. ಜ್ವರ ಬಂದರೆ, ವಾಂತಿ ನಿಲ್ಲದಿದ್ದರೆ, ಕಣ್ಣು ಹಳದಿಯಾದರೆ, ನೋವು ಬಂದು ಇಳಿಯದಿದ್ದರೆ ಒಂದು ಕ್ಷಣ ಕಾಯದೆ ಬರಬೇಕು.

ಹೊರಗೆ ಬಂದು ಮೆಟ್ಟಿಲು ಇಳಿಯುವಾಗ ಪದ್ದು ನಿಂತಳು. "ಇಷ್ಟ್ ಬೇಗ ಒಪ್ಪಿರಲೆ? ಎಂತಕಾಯಿಕ್?"

"ಅತ್ತೆ!" ಅಂದಳು ಶರಣ್ಯಾ.

"ಸುಮ್ನೆ ಕೇಂಡದ್ದ್ ಮಾರಾಯ್ತಿ."

ಆಮೇಲಿನ ದಿನಗಳು ಸುಲಭ ಇರಲಿಲ್ಲ. ಕರಗುತ್ತದೆ ಅಂತ ಹೇಳಿದವರಿದ್ದರು, ಕರಗುವುದನ್ನು ಕಂಡವರು ಇರಲಿಲ್ಲ. ಪದ್ದು ಬೆಳಿಗ್ಗೆ ಎದ್ದವಳೇ ಅಂಗಳದ ಬೆಳಕಿಗೆ ಬಂದು ಕಣ್ಣಿನ ಕೆಳಗಿನ ರೆಪ್ಪೆ ಎಳೆದು ಸೊಸೆಯ ಮುಂದೆ ನಿಲ್ಲುತ್ತಿದ್ದಳು. "ಹಳ್ದಿ ಇತ್ತಾ?" "ಇಲ್ಲೆ ಅತ್ತೆ." "ಸಮಾ ಕಾಣ್." ಎರಡು ಸಲ ನೋವು ಬಂತು, ಒಂಬತ್ತನೇ ದಿನ ಮತ್ತು ಹದಿನಾಲ್ಕನೇ ದಿನ. ಎರಡು ಸಲವೂ ಅರ್ಧ ಗಂಟೆಯೊಳಗೆ ಇ‌ಳಿಯಿತು. ಎರಡನೇ ಸಲ ರಾಜೇಂದ್ರ ಟೆಂಪೋ ಚಾಲು ಮಾಡಿಯೂ ಆಗಿತ್ತು. ಜಲಜ ಸಿಕ್ಕಿದಾಗೆಲ್ಲ, "ಎಂತ ಪದ್ದಕ್ಕ, ಕಲ್ಲ್ ಕರಗುದುಂಟಾ? ಸಕ್ರಿಯಾ ಅದ್?" ಅಂತ ಕೇಳುತ್ತಿದ್ದಳು. ಪದ್ದುಗೂ ಒಳಗೊಳಗೆ ಅದೇ ಪ್ರಶ್ನೆ. ಆದರೆ ಬುಟ್ಟಿಯ ಮುಂದೆ ಕೂತು, "ಕರ್ಗದಿದ್ರೆ ನಿಂಗೇ ಕೊಡ್ತೆ, ನಿನ್ ಜಾಗ ಖಾಲಿ ಇತ್ತಲೆ," ಅನ್ನುತ್ತಿದ್ದಳು.

ತಿಂಗಳಾಗಿ ಮಾಡಿದ ಸ್ಕ್ಯಾನಿನಲ್ಲಿ ಕಲ್ಲುಗಳು ಕಲ್ಲಿನ ಹಾಗೆ ಇರಲಿಲ್ಲ. ತಳದಲ್ಲಿ ಹೊಡಿ ಕೂತ ಹಾಗೆ ಇದೆ ಅಂದರು. ಪದ್ದು ಹಿಗ್ಗಲಿಲ್ಲ. ಹೊಡಿ ಆದದ್ದು ಮತ್ತೆ ಗಟ್ಟಿ ಆಗುವುದಿಲ್ಲ ಅಂತ ಯಾರು ಕಂಡಿದ್ದಾರೆ? ಡಿಸೆಂಬರ್ ಮೊದಲ ವಾರ ಮತ್ತೆ ಮಾಡಿದರು. ಅವಳು ಕೇಳದೆಯೇ ಪರದೆಯನ್ನು ಅವಳ ಕಡೆ ತಿರುಗಿಸಿದರು. ಎಡಕ್ಕೆ ಮಗುಚಿದಳು, ಬಲಕ್ಕೆ ಮಗುಚಿದಳು. ಚೀಲದೊಳಗೆ ಉರುಳುವಂಥದ್ದು ಒಂದೂ ಇರಲಿಲ್ಲ.

ಗುಣಪಾಲ ಡಾಕ್ಟರು ರಿಪೋರ್ಟು ನೋಡಿ ನಕ್ಕರು. ಆ ಇಂಜೆಕ್ಷನ್ನಿನ ಹೆಸರನ್ನು ಕನ್ನಡದಲ್ಲಿ ದೊಡ್ಡದಾಗಿ ಒಂದು ಚೀಟಿಯಲ್ಲಿ ಬರೆದುಕೊಟ್ಟು, ಮುಂದೆ ಯಾವ ಆಸ್ಪತ್ರೆಗೆ ಹೋದರೂ ಇದನ್ನು ತೋರಿಸಿ, ಆ ಮದ್ದು ಕೊಡಬೇಕಾ ಬೇರೆ ಕೊಡಬೇಕಾ ಅವರು ನೋಡಿಕೊಳ್ಳುತ್ತಾರೆ ಅಂದರು. ಆಮೇಲೆ ಫೈಲು ಮುಚ್ಚುತ್ತಾ, ಯಾವಾಗಲೂ ಕೇಳುವ ಹಾಗೆ, "ಬೇರೆ ಏನಾದ್ರೂ ತೊಂದ್ರೆ ಇದ್ಯಾ ಅಮ್ಮ?" ಅಂತ ಕೇಳಿದರು.

"ಎಂತ..." ಅಂದಳು ಪದ್ದು. ಮುಂದಿನದು ಬಾಯಿಂದ ಹೊರಗೆ ಬರಲಿಲ್ಲ.

ಸೊಸೆಯ ಕಡೆ ತಿರುಗಿ, "ಹೆಣೆ, ನೀ ಒಂಚೂರ್ ಹೆರ್ಗೆ ಕೂಕೊ," ಅಂದಳು. ಶರಣ್ಯಾ ಬಾಗಿಲು ಎಳೆದುಕೊಂಡು ಹೋಗುವ ತನಕ ಕಾದಳು. ಹೋದ ಮೇಲೆ ಬಾಗಿಲು ಸರಿಯಾಗಿ ಮುಚ್ಚಿದೆಯಾ ಅಂತ ಎದ್ದು ನೋಡಿ ಬಂದು ಕೂತಳು.

"ಬಲಗಣ್ಣ್ ಕಾಂತಿಲ್ಲೆ," ಅಂದಳು. "ಎರ್ಡ್ ವರ್ಷ ಆಯ್ತ್. ಒಂದೇ ಕಣ್ಣಲ್ಲ್ ಮೀನ್ ಕಿವಿರ್ ಕೆಂಪಾ ಕಪ್ಪಾ ಅಂದೇಳಿ ಸಮಾ ಗೊತ್ತಾತಿಲ್ಲೆ. ಮೂಸಿ, ಒತ್ತಿ ಕಾಂಬುದ್. ಮನಿಯಲ್ಲ್ ಯಾರಿಗೂ ಹೇಳಲ್ಲೆ. ಪೇಟೆಯಲ್ಲ್ ಗೊತ್ತಾರೆ ಮೀನ್ ತಕಂಬವ್ರ್ ಇರ್ತಿಲ್ಲೆ."

ಡಾಕ್ಟರು ಟಾರ್ಚು ಹಿಡಿದು ಕಣ್ಣು ನೋಡಿದರು. ಪೊರೆ ಬಂದ ಹಾಗಿದೆ, ತಾನು ಕಣ್ಣಿನವನಲ್ಲ, ಕಣ್ಣಿನ ಡಾಕ್ಟರಿಗೆ ಬರೆದುಕೊಡುತ್ತೇನೆ, ತೆಗೆದರೆ ಕಾಣುತ್ತದೆ ಅಂದರು. ನಾಲ್ಕು ಸಾಲು ಬರೆದು ಚೀಟಿ ಚಾಚಿದರು.

ಪದ್ದು ತೆಗೆದುಕೊಳ್ಳಲಿಲ್ಲ. "ಎಂತ ಬರ್ದ್ರಿ, ಓದಿ."

ಅವರು ಓದಿದರು. ಹೆಸರು, ವಯಸ್ಸು, ಬಲಗಣ್ಣು, ಎರಡು ವರ್ಷದಿಂದ. ಟೈಫಾಯ್ಡು, ಇಪ್ಪತ್ತೆರಡು ಇಂಜೆಕ್ಷನ್, ಆ ಮದ್ದಿನ ಹೆಸರು, ಪಿತ್ತಕೋಶದಲ್ಲಿ ಕಟ್ಟಿ ಕರಗಿದ್ದು.

"ಇನ್ನೊಂದ್ ಸಲ ಓದಿ," ಅಂದಳು ಪದ್ದು.